ಹಾಸನದಿಂದ ವಿಮಾನಕ್ಕೆ: ಮನೆ ಎಷ್ಟು ಗಂಟೆಗೆ ಬಿಡಬೇಕು?

ಹಾಸನಕ್ಕೆ ಹೊಸದಾಗಿ ಬಂದವರು ನಮ್ಮ ಸಂಘದಲ್ಲಿ ಪದೇಪದೇ ಕೇಳುವ ಪ್ರಶ್ನೆ, ‘ಇಲ್ಲಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ಹೊತ್ತು?’ ಬೆಂಗಳೂರಿನಿಂದ ಸುಮಾರು ಎರಡೂಮುಕ್ಕಾಲು ಗಂಟೆ. ಮುಂಬೈ ಆದರೆ ಎರಡು ಗಂಟೆಯ ಒಳಗೇ. ಆದರೆ ನಮಗೆ ಹೊತ್ತು ತಿನ್ನುವುದೆಲ್ಲ ರಸ್ತೆ. ಹಾಸನದ ಪಕ್ಕದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆಗುವ ಮಾತನ್ನು ದಶಕಗಳಿಂದ ಕೇಳುತ್ತಲೇ ಇದ್ದೇವೆ. ಅದನ್ನು ನಂಬಿ ಸದ್ಯಕ್ಕೆ ಏನೂ ಲೆಕ್ಕ ಹಾಕಬೇಡಿ.

ಹೆಚ್ಚಿನವರು ಹೋಗುವುದು ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ. ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್ ದಾಟಿ ನೆಲಮಂಗಲದವರೆಗೆ ಹೆದ್ದಾರಿ ಚೆನ್ನಾಗಿದೆ. ತೊಂದರೆ ಶುರುವಾಗುವುದು ಆಮೇಲೆ. ನಾವು ಬೆಂಗಳೂರಿನ ಪಶ್ಚಿಮಕ್ಕೆ ಬಂದು ಸೇರುತ್ತೇವೆ, ನಿಲ್ದಾಣ ಇರುವುದು ಉತ್ತರಕ್ಕೆ. ಬೆಳಗಿನ ಹೊತ್ತು ಊರೊಳಗೆ ನುಗ್ಗಿ ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಟಿಕೆಟ್ಟಿನ ಆಸೆ ಬಿಟ್ಟ ಹಾಗೆಯೇ. ನೆಲಮಂಗಲದಲ್ಲೇ ದೊಡ್ಡಬಳ್ಳಾಪುರದ ಕಡೆ ತಿರುಗಿ ದೇವನಹಳ್ಳಿಗೆ ಹೋಗಿ ಅಂತ ಡ್ರೈವರ್‌ಗೆ ಮೊದಲೇ ಹೇಳಿ. ಒಟ್ಟು 200 ಕಿ.ಮೀ. ದಾಟುತ್ತದೆ, ನಾಲ್ಕರಿಂದ ನಾಲ್ಕೂವರೆ ಗಂಟೆ ಬೇಕು.

ಈಗ ಕೂಡಿಸಿ ನೋಡಿ. ದೆಹಲಿ ವಿಮಾನ ಬೆಳಿಗ್ಗೆ 10ಕ್ಕೆ ಅಂದರೆ 8ಕ್ಕೆ ನಿಲ್ದಾಣದಲ್ಲಿ ಇರಬೇಕು. ಯಡಿಯೂರಿನಲ್ಲಿ ಒಂದು ಕಾಫಿ, ಮಕ್ಕಳಿದ್ದರೆ ಇನ್ನೊಂದು ನಿಲುಗಡೆ. ಅಂದರೆ 3 ಗಂಟೆಗೆ ಮನೆಗೆ ಬೀಗ ಹಾಕಬೇಕು. ದೆಹಲಿಯಲ್ಲಿ ಇಳಿಯುವಾಗ ಮಧ್ಯಾಹ್ನ 12.45. ಎರಡೂಮುಕ್ಕಾಲು ಗಂಟೆಯ ವಿಮಾನಕ್ಕೆ ಸುಮಾರು ಹತ್ತು ಗಂಟೆ ಹೋಯಿತು, ಅಲ್ವಾ? ಹಾಗಾಗಿ ಮಧ್ಯಾಹ್ನದ ವಿಮಾನ ಸಿಕ್ಕರೆ ನಾಲ್ಕು ಕಾಸು ಜಾಸ್ತಿಯಾದರೂ ಅದನ್ನೇ ಹಿಡಿಯುವುದು ಮೇಲು.

ಮಂಗಳೂರು ಹಾಸನದಿಂದ ಸುಮಾರು 170 ಕಿ.ಮೀ. ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ. ಆದರೆ ನಡುವೆ ಶಿರಾಡಿ ಘಾಟಿ ಇದೆ. ಬೇಸಿಗೆಯಲ್ಲಿ ಪರವಾಗಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಸಕಲೇಶಪುರ ದಾಟಿದ ಮೇಲೆ ದೋಣಿಗಲ್ ಹತ್ತಿರ ಗುಡ್ಡ ಜರಿದರೆ ದಾರಿಯೇ ಬಂದ್. 2018ರಲ್ಲಿ, 2024ರಲ್ಲಿ ಹಾಗೇ ಆಯಿತು. ಚಾರ್ಮಾಡಿ ಮೇಲೆ ಸುತ್ತಿಕೊಂಡು ಹೋಗಬಹುದು, ಅಲ್ಲೂ ಮಳೆಯದೇ ಕಾಟ. ಸಾಲದ್ದಕ್ಕೆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಗುಡ್ಡದ ನೆತ್ತಿಯಲ್ಲಿದೆ. ಮೋಡ ಮುಸುಕಿದರೆ ವಿಮಾನ ಬೇರೆ ಊರಿಗೆ ಹೋಗಿ ಇಳಿಯುವುದೂ ಉಂಟು. ಮಳೆಗಾಲದಲ್ಲಿ ಆ ಕಡೆಯಿಂದ ಟಿಕೆಟ್ ಮಾಡಿಸಿದ್ದರೆ ಹಿಂದಿನ ದಿನವೇ ಹೋಗಿ ಉಳಿಯಿರಿ.

ಮೈಸೂರು, ಮತ್ತೆ 2023ರಲ್ಲಿ ಶುರುವಾದ ಶಿವಮೊಗ್ಗ ನಿಲ್ದಾಣ ರಸ್ತೆಯಲ್ಲಿ ಹತ್ತಿರವೇ. ವಿಮಾನಗಳು ಮಾತ್ರ ಕಮ್ಮಿ. ನಿಮ್ಮ ಊರಿಗೆ ಇದ್ದರೆ ಅದೃಷ್ಟ.

ದುಬೈಯಲ್ಲಿ ಮಗ, ಮಗಳು ಇರುವವರಿಗೆ ಒಂದು ಮಾತು. ಟಿಕೆಟ್ಟಿನಲ್ಲಿ 10ಕ್ಕೆ ಹೊರಟು 12.30ಕ್ಕೆ ತಲುಪುತ್ತದೆ ಅಂತ ಇದ್ದರೆ ಎರಡೂವರೆ ಗಂಟೆ ಅಂದುಕೊಳ್ಳಬೇಡಿ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಕೂತಿರಬೇಕಾದದ್ದು ನಾಲ್ಕು ಗಂಟೆ. ವಿದೇಶದ ವಿಮಾನವಾದ್ದರಿಂದ ನಿಲ್ದಾಣಕ್ಕೂ ಮೂರು ಗಂಟೆ ಮೊದಲೇ ಹೋಗಬೇಕು.

ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಬಂದವರು ಊರಿಗೆ ಹೋಗಲು ವಿಮಾನ ಹುಡುಕುತ್ತಾರೆ. ಸುಮ್ನೆ ದೇವನಹಳ್ಳಿಯವರೆಗೆ ಉಲ್ಟಾ ಹೋಗಬೇಡಿ. ಅರಸೀಕೆರೆ ಇಲ್ಲೇ 45 ಕಿ.ಮೀ. ಒಳಗಿದೆ. ರಾತ್ರಿ ಊಟ ಮುಗಿಸಿ ಅಲ್ಲಿ ರೈಲು ಹತ್ತಿದರೆ ಹುಬ್ಬಳ್ಳಿಯಲ್ಲಿ ಬೆಳಗಿನ ಚಹಾ ಕುಡಿಯಬಹುದು.