ಚಳಿಗಾಲದ ಟೈರು ಬೇಕೇ? ಒಟ್ಟಾವದಲ್ಲಿ ನಾನು ತೀರ್ಮಾನಿಸಿದ ಬಗೆ

ಕೆನಡಾದಲ್ಲಿ ಒಟ್ಟಾವ ನದಿಯ ಆಚೆ ದಡದ ಗ್ಯಾಟಿನೋ ಕ್ವಿಬೆಕ್ ಪ್ರಾಂತ್ಯಕ್ಕೆ ಸೇರಿದ ಊರು. ಅಲ್ಲಿ ನೋಂದಣಿಯಾದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಒಂಟಾರಿಯೋ ಪ್ರಾಂತ್ಯಕ್ಕೆ ಸೇರಿದ ಈಚೆ ದಡದ ನಮ್ಮ ಒಟ್ಟಾವದಲ್ಲಿ ಅಂಥ ಕಾನೂನಿಲ್ಲ. ಎರಡೂ ದಡಗಳ ಮೇಲೆ ಒಂದೇ ಹಿಮ ಬೀಳುವಾಗ ಇಲ್ಲಿಯೂ ಆ ಕಾನೂನು ಬರಬೇಕೆಂಬುದು ನನ್ನ ಅಭಿಪ್ರಾಯ. ಅದು ಬರುವವರೆಗೆ ಪ್ರತಿಯೊಬ್ಬರೂ ತಮ್ಮ ದಾರಿ ನೋಡಿಕೊಂಡು ನಿರ್ಧರಿಸಬೇಕು.

417ನೇ ಹೆದ್ದಾರಿಯ ಹಿಮವನ್ನು ಯಂತ್ರಗಳು ಬೇಗನೆ ಗೋರಿ ತೆಗೆದು ಉಪ್ಪು ಹಾಕುತ್ತವೆ, ಹಾಗಾಗಿ ಕಾರಿನೊಂದಿಗೆ ಬಂದ, ಆಲ್ ಸೀಸನ್ ಎಂಬ ಸಾಮಾನ್ಯ ಟೈರೇ ಸಾಕೆಂದು ಗೆಳೆಯರು ಹೇಳುತ್ತಿದ್ದರು. ಆದರೆ ಬೆಳಿಗ್ಗೆ ಮಗುವನ್ನು ಡೇಕೇರಿಗೆ ಬಿಡಲು ನಾನು ಹೋಗುವುದು ಒಳರಸ್ತೆಗಳಲ್ಲಿ. ಅಲ್ಲಿನ ಸಿಗ್ನಲ್‌ಗಳ ಬಳಿ ನಿಂತು ಹೊರಡುವ ಕಾರುಗಳ ಚಕ್ರಗಳು ಹಿಮವನ್ನು ಉಜ್ಜಿ ಉಜ್ಜಿ ನುಣುಪಾದ ಮಂಜುಗಡ್ಡೆಯಾಗಿಸುತ್ತವೆ, ಚಳಿ ತೀರ ಹೆಚ್ಚಾದಾಗ ಉಪ್ಪು ಕೂಡ ಅದನ್ನು ಸರಿಯಾಗಿ ಕರಗಿಸುವುದಿಲ್ಲ. ತಾಪಮಾನ 7 ಡಿಗ್ರಿಗಿಂತ ಕೆಳಗಿಳಿಯುತ್ತ ಹೋದಂತೆ ಸಾಮಾನ್ಯ ಟೈರಿನ ರಬ್ಬರು ಹಳೆಯ ಚಪ್ಪಲಿಯ ಅಟ್ಟೆಯಂತೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಒಟ್ಟಾವದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗಿನ ಸರಾಸರಿ ತಾಪಮಾನ ಅದಕ್ಕಿಂತ ಬಹಳ ಕಡಿಮೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆದುವಾಗಿರುತ್ತದೆ, ಅದರ ಮೇಲ್ಮೈಯಲ್ಲಿರುವ ಅಸಂಖ್ಯ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ.

ನಮ್ಮದು ಆಲ್ ವೀಲ್ ಡ್ರೈವ್ ಕಾರು. ನಾಲ್ಕೂ ಚಕ್ರಗಳಿಗೆ ಸಿಗುವ ಎಂಜಿನ್ ಬಲ ಕಾರನ್ನು ಮುಂದಕ್ಕೆ ಹೊರಡಿಸಲು ನೆರವಾಗುತ್ತದೆಯೇ ಹೊರತು, ಬ್ರೇಕ್ ಒತ್ತಿದಾಗ ನಿಲ್ಲಿಸುವುದು ಟೈರಿನ ಹಿಡಿತ ಮಾತ್ರ. ಚಳಿಗಾಲದ ಟೈರು ಕೊಳ್ಳುವ ನನ್ನ ತೀರ್ಮಾನಕ್ಕೆ ಈ ಅಂಶವೇ ಮುಖ್ಯ ಕಾರಣವಾಯಿತು.

ಖರ್ಚಿನ ಲೆಕ್ಕ ನಾನು ಅಂದುಕೊಂಡಷ್ಟು ಭಾರವಾಗಲಿಲ್ಲ. ನಾಲ್ಕು ಟೈರುಗಳ ಒಂದು ಸೆಟ್ ಬಳಕೆಯಲ್ಲಿರುವಾಗ ಇನ್ನೊಂದು ಸೆಟ್ ಸವೆಯದೆ ಉಳಿಯುತ್ತದೆ. ಒಂಟಾರಿಯೋದಲ್ಲಿ 2016ರ ಜನವರಿ 1ರಿಂದ ಚಳಿಗಾಲದ ಟೈರು ಹಾಕಿಸಿದವರಿಗೆ ವಾಹನ ವಿಮೆಯಲ್ಲಿ ರಿಯಾಯಿತಿಯೂ ಇದೆ. ಟೈರುಗಳಿಗೆ ಪ್ರತ್ಯೇಕ ಸ್ಟೀಲ್ ರಿಮ್‌ಗಳನ್ನೂ ಕೊಂಡಿದ್ದರಿಂದ ವರ್ಷಕ್ಕೆರಡು ಸಲ ಚಕ್ರಗಳನ್ನು ನಾನೇ ಬದಲಿಸುತ್ತೇನೆ, ಸುಮಾರು 100 ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡುತ್ತೇನೆ. ಹಣ ಉಳಿಸಲು ಎರಡೇ ಟೈರು ಕೊಳ್ಳುವುದನ್ನು ಮಾತ್ರ ಯಾರೂ ಮಾಡಬಾರದು. ಮುಂದಿನ ಚಕ್ರಗಳು ಹಿಡಿದು ಹಿಂದಿನವು ಜಾರಿದರೆ ತಿರುವಿನಲ್ಲಿ ಕಾರು ಗಿರಕಿ ಹೊಡೆಯುತ್ತದೆ.

ಕೊಳ್ಳುವಾಗ ಟೈರಿನ ಪಕ್ಕೆಯ ಮೇಲೆ ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿರುವ ಗುರುತನ್ನು ಹುಡುಕಬೇಕು. ಅದು ಹಿಮದ ಮೇಲಿನ ಪರೀಕ್ಷೆಯಲ್ಲಿ ಗೆದ್ದ ಟೈರಿಗೆ ಸಿಗುವ ಗುರುತು. ಬರೀ ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ) ಎಂದಿದ್ದರೆ ಅಂಥ ಪರೀಕ್ಷೆಯ ಖಾತರಿಯಿಲ್ಲ. ಮನೆಯಿಂದಲೇ ಕೆಲಸ ಮಾಡುವ, ಹಿಮ ಸುರಿದ ದಿನ ಹೊರಗೆ ಹೋಗದಿದ್ದರೂ ನಡೆಯುವ ಗೆಳತಿಗೆ ನಾನು ಇದೇ ಗುರುತಿರುವ, ವರ್ಷವಿಡೀ ಓಡಿಸಬಹುದಾದ ಆಲ್ ವೆದರ್ ಟೈರನ್ನು ಸೂಚಿಸಿದೆ. ಪ್ರತಿ ಅಕ್ಟೋಬರ್‌ನಲ್ಲಿ ಟೈರಿನ ಗೀರುಗಳ ಆಳವನ್ನು ಅಳೆದು ನೋಡುತ್ತೇನೆ. 4 ಮಿಲಿಮೀಟರ್ ತಲುಪಿದ ಟೈರನ್ನು ಇನ್ನೊಂದು ಚಳಿಗಾಲಕ್ಕೆ ಹಾಕುವುದಿಲ್ಲ.