ಸುಣ್ಣದ ಗೆರೆ ಎಳೆದು 22 ಮಹಡಿ ಒಪ್ಪಿಸಿದ ನನ್ನ ಅನುಭವ

ಮುಂಬೈಯ ಮಾಟುಂಗ ಪೂರ್ವದಲ್ಲಿ ಒಂದು ಹಳೆಯ ಹೌಸಿಂಗ್ ಸೊಸೈಟಿ. ನಾಲ್ಕು ಮಹಡಿ, 28 ಮನೆ, ಲಿಫ್ಟ್ ಇಲ್ಲ. ಅದನ್ನು ಕೆಡವಿ 22 ಮಹಡಿಯ ಟವರ್ ಕಟ್ಟುವ ಡಿಸೈನ್ ನನ್ನದು. ಎತ್ತರ 70 ಮೀಟರ್ ದಾಟಿಸಲಿಲ್ಲ. ಮೊದಲ ಸಭೆಯಲ್ಲಿ ಸುಮಾರು ಅರ್ಧ ಮನೆಯವರು ಬೇಡ ಅಂದರು. ಎದುರು ಬಿಲ್ಡಿಂಗ್‌ನವರು ವಿರೋಧ ಪತ್ರಕ್ಕೆ ಸಹಿ ಸಂಗ್ರಹ ಶುರು ಮಾಡಿದರು. ಕೊನೆಗೆ ನಮ್ಮಲ್ಲಿ ಸಹಿ ಹಾಕದೆ ಉಳಿದದ್ದು ಮೂರೋ ನಾಲ್ಕೋ ಮನೆ. ನಡುವೆ ನಾನು ಹೊಸ ಮನೆಯನ್ನು, ಟವರಿನ ನೆರಳನ್ನು ನೆಲದ ಮೇಲೆ ಸುಣ್ಣದಲ್ಲಿ ಪೂರ್ತಿ ಅಳತೆಗೆ ಎಳೆದು ತೋರಿಸಿದೆ. ಅದನ್ನು ಕೇಳಿ ನಕ್ಕವರು ಬಹಳ. ನನ್ನ ಜೊತೆ ಓದಿದ ಒಬ್ಬ ಆರ್ಕಿಟೆಕ್ಟ್ ಅಂತೂ "ಏನು ಮಾರಾಯ, ಗಣಪತಿ ಹಬ್ಬದ ರಂಗೋಲಿ ಸ್ಪರ್ಧೆಯಾ ಇದು?" ಅಂದಿದ್ದ. ಈಗ ಅವನೇ ಪರೇಲ್‌ನ ಕೆಲಸಕ್ಕೆ ನಿನ್ನ ಹುಡುಗರನ್ನು ಕಳಿಸು ಅಂತ ಫೋನ್ ಮಾಡುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾಗದದ ಲೆಕ್ಕಕ್ಕೆ ಮಹಾರಾಷ್ಟ್ರದ ಸಹಕಾರ ಸಂಘಗಳ ಕಾಯ್ದೆಯ 79-ಎ ಪ್ರಕಾರ ಶೇಕಡ 51 ಒಪ್ಪಿದರೆ ಸಾಕು. ಸರಕಾರದ 2019ರ ಆದೇಶ ಬಂದ ಮೇಲೆ ಕೆಲಸ ಸಲೀಸಾಯಿತು ಅಂತ ಎಲ್ಲರೂ ಹೇಳುತ್ತಾರೆ. 28ರಲ್ಲಿ 15 ಸಿಕ್ಕಿತು, ಮುಗಿಯಿತು ಅಂತ ನಮ್ಮ ಬಿಲ್ಡರ್ ಕೂಡ ಖುಷಿಯಲ್ಲಿದ್ದ. ಸರಿ, ಉಳಿದ 13 ಮನೆಯವರು ಖಾಲಿ ಮಾಡದೆ ಕೂತು ಕೋರ್ಟಿಗೆ ಹೋದರೆ? ಹೊರಗೆ ಹೋದ 15 ಮನೆಗೆ ತಿಂಗಳಿಗೆ ಅರವತ್ತು ಸಾವಿರದ ಹಾಗೆ ಟ್ರಾನ್ಸಿಟ್ ಬಾಡಿಗೆ, ಅಂದರೆ ಹೊಸ ಮನೆ ಆಗುವ ತನಕ ಬಿಲ್ಡರ್ ಕೊಡುವ ಬಾಡಿಗೆ ಹಿಡಿಯಿರಿ. ಒಂಬತ್ತು ಲಕ್ಷ ಪ್ರತಿ ತಿಂಗಳು, ಒಂದು ಇಟ್ಟಿಗೆಯೂ ಏಳದೆ. ಈ ಲೆಕ್ಕ ತೋರಿಸಿದ ಮೇಲೆಯೇ ಬಿಲ್ಡರ್ ನನ್ನ ಮಾತಿಗೆ ಕಿವಿ ಕೊಟ್ಟದ್ದು.

ಅದಕ್ಕೂ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿ ದುಡ್ಡು ಸುರಿದಾಗಿತ್ತು. ಹೊಸ ಟವರಿನಲ್ಲಿ ಓಡಾಡಿದ ಹಾಗೆ ತೋರಿಸುವ ಮೂರು ನಿಮಿಷದ ವಾಕ್‌ಥ್ರೂ ವಿಡಿಯೊಗೆ ಒಂದೂವರೆ ಲಕ್ಷದ ಸುತ್ತ. ಅಕ್ರಿಲಿಕ್ ಮಾಡೆಲ್‌ಗೆ 90 ಸಾವಿರ ಇರಬೇಕು. ವಿಡಿಯೊದಲ್ಲಿ ಯಾವಾಗ ನೋಡಿದರೂ ಸಂಜೆ, ಯಾರೋ ಪರದೇಶದವರು ಜಾಗಿಂಗ್ ಮಾಡುತ್ತಾರೆ, ಒಂದು ಬಾಲ್ಕನಿಯಲ್ಲೂ ಒಣಹಾಕಿದ ಬಟ್ಟೆ ಇಲ್ಲ. ಅದನ್ನು ನೋಡಿ ಬಂದ ಪ್ರತಿಕ್ರಿಯೆ ಏನು ಗೊತ್ತಾ? "ದುಬೈ ತರ ಇದೆ." ಅರ್ಧ ಜನ ಹೊಗಳಿ ಹೇಳಿದರು, ಅರ್ಧ ಜನ ಬೈದು ಹೇಳಿದರು. ಆಮೇಲೆ ಇಡೀ ಒಂದು ಸಭೆ ಮುಂಭಾಗದ ಬಣ್ಣದ ಮೇಲೆಯೇ ಹೋಯಿತು, ಬೂದು ಬೇಕೋ ಕೆನೆ ಬೇಕೋ ಅಂತ. ಕೂತು ಕೇಳುತ್ತಿದ್ದ ನನಗೆ ಒಂದು ಅನುಮಾನ. ಇವರು ನಿಜವಾಗಿ ಹೆದರಿದ್ದು ಬಣ್ಣಕ್ಕಲ್ಲ, ಬೇರೆ ಏನಕ್ಕೋ. ಅದನ್ನು ಹೇಳಲು ಚಿತ್ರದಲ್ಲಿ ಜಾಗವೇ ಇಲ್ಲ.

ಏನು ಬೇಕು ಬೇಡ ಅಂತ ಬರೆದು ಕೊಡಲು ಫಾರ್ಮ್ ಹಂಚಿದೆವು. ವಾಪಸ್ ಬಂದದ್ದು ಎಂಟೊಂಬತ್ತು, ಹೆಚ್ಚಿನವುಗಳಲ್ಲಿ "ಪಾರ್ಕಿಂಗ್" ಅಂತ ಒಂದೇ ಪದ. ಹಾಕಿಕೊಂಡರೆ ಹೊಸ ಮನೆಯೊಳಗೇ ನಿಂತ ಹಾಗೆ ಕಾಣುವ ವಿಆರ್ ಕನ್ನಡಕ ಬಾಡಿಗೆಗೆ ತಂದೆವು, ದಿನಕ್ಕೆ ಆರು ಸಾವಿರವೋ ಏನೋ. ಮಕ್ಕಳಿಗೆ ಹಬ್ಬ. ಎರಡನೇ ಮಹಡಿಯ ಹಿರಿಯರೊಬ್ಬರಿಗೆ ತಲೆ ಸುತ್ತಿ ಕೂತುಬಿಟ್ಟರು, "ಮನೆಯೊಳಗೇ ಹೀಗಾದರೆ ಹದಿನೆಂಟನೇ ಮಹಡಿಯಲ್ಲಿ ಏನು ಗತಿ ಮಾರಾಯ್ರೆ" ಅಂತ ಹೇಳಿ ಇನ್ನೂ ನಾಲ್ಕು ಜನರನ್ನು ಹೆದರಿಸಿದರು. ಹದಿನೆಂಟನೇ ಮಹಡಿಯಿಂದ ಏನು ಕಾಣುತ್ತದೆ ಅಂತ ಡ್ರೋನ್ ಹಾರಿಸಿ ತೋರಿಸೋಣ ಅಂದುಕೊಂಡರೆ, ಮುಂಬೈಯಲ್ಲಿ ಪೊಲೀಸರ ನಿಷೇಧದ ಆದೇಶ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ. ಆ ಫೋಟೊ ಕೊನೆಗೆ ಹೇಗೆ ತೆಗೆದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಆಮೇಲೆ ಸುಣ್ಣ. ಹತ್ತಿರದ ಶಾಲೆಯ ಮೈದಾನ ಒಂದು ಭಾನುವಾರಕ್ಕೆ ಕೇಳಿದೆ, ಐದು ಸಾವಿರ ದೇಣಿಗೆ. ಸುಣ್ಣದ ಪುಡಿ ಆರೇಳುನೂರು ರೂಪಾಯಿ, ನಾಲ್ಕು ಹುಡುಗರಿಗೆ ತಲಾ 800. ಹೊಸ ಮನೆ 740 ಚದರಡಿ ಕಾರ್ಪೆಟ್, ಅಂದರೆ ಗೋಡೆಯೊಳಗಿನ ಬಳಸುವ ಜಾಗ, ಹಳೆಯದು 550 ಚಿಲ್ಲರೆ. ಎರಡನ್ನೂ ಪಕ್ಕಪಕ್ಕದಲ್ಲಿ ನೆಲದ ಮೇಲೆ ಪೂರ್ತಿ ಅಳತೆಗೆ ಎಳೆದೆವು. ಗೋಡೆಯ ದಪ್ಪಕ್ಕೆ ಜೋಡಿ ಗೆರೆ, ಬಾಗಿಲಿಗೆ ಗೆರೆ ಬಿಡುವುದು, ಕಿಟಕಿಗೆ ಕೆಂಪು ಪುಡಿ. ಫ್ರಿಜ್ಜಿನ ಖಾಲಿ ಪೆಟ್ಟಿಗೆ, ಶಾಲೆಯ ಬೆಂಚೇ ಅಡುಗೆ ಕಟ್ಟೆ, ನಿಜವಾದ ಹಾಸಿಗೆ. ಗಾಳಿಗೆ ಪುಡಿ ಹಾರದ ಹಾಗೆ ಅದಕ್ಕೆ ಒಂದು ವಸ್ತು ಬೆರೆಸುತ್ತೇನೆ, ಅದನ್ನು ಹೇಳುವುದಿಲ್ಲ. ಯಾವ ಮನೆಯವರನ್ನು ಮೊದಲು ಒಳಗೆ ಕರೆಯಬೇಕು ಅನ್ನುವುದನ್ನೂ ಹೇಳುವುದಿಲ್ಲ, ಅರ್ಧ ಕೆಲಸ ಅದರಲ್ಲೇ ಇದೆ.

ಮಾತು ಅಲ್ಲಿಂದ ಹೊರಗೆ ಬಂತು. ಮೂರನೇ ಮಹಡಿಯ ಅಜ್ಜಿ ಹಾಸಿಗೆಯ ಮೇಲೆ ನಿಜವಾಗಿಯೂ ಮಲಗಿ, ಎದ್ದು, ಟಾಯ್ಲೆಟ್‌ವರೆಗೆ ನಡೆದರು. "ನೋಡು ಮಗಾ, ರಾತ್ರಿ ಎರಡು ಸಲ ಏಳಬೇಕು ನನಗೆ. ಈ ಸೋಫಾ ಸುತ್ತಿ ಹೋಗುವಷ್ಟರಲ್ಲಿ ನಾನು ಬಿದ್ದಿರುತ್ತೇನೆ." ಪ್ಲಾನ್ ನೋಡಿ ಅದೇ ಅಜ್ಜಿ "ಚೆನ್ನಾಗಿದೆ" ಅಂದಿದ್ದರು. ಇನ್ನೊಬ್ಬರು ದೇವರ ಗೂಡು ಎಲ್ಲಿ ಅಂದರು, ಟಾಯ್ಲೆಟ್ ಈಶಾನ್ಯಕ್ಕೆ ಬಿದ್ದಿದೆ ಅಂದರು. ಗುಜರಾತಿ ಕುಟುಂಬವೊಂದು ಹಾಲ್‌ನಲ್ಲಿ ಹನ್ನೆರಡು ಜನ ನೆಲಕ್ಕೆ ಕೂತು ನೋಡಿತು, ಹಿಡಿಸಿತು, ಅವರ ವಿರೋಧ ಅಲ್ಲಿಗೇ ಅರ್ಧ ಕರಗಿತು. 740 ಚದರಡಿ ಕಡಿಮೆ ಅಂತ ಕೂಗಾಡುತ್ತಿದ್ದವರೂ ಇದ್ದರು. ವರ್ಳಿಯ ಬಿಡಿಡಿ ಚಾಳು ಅನ್ನುವ ಹಳೆಯ ಒಂಟಿ ಕೋಣೆಯ ವಠಾರಗಳಲ್ಲಿ 160 ಚದರಡಿಯವರಿಗೆ 500 ಕೊಡುತ್ತಾರೆ, ಮೂರು ಪಟ್ಟು, ನಮಗ್ಯಾಕೆ ಇಷ್ಟೇ ಅನ್ನುವ ವಾದ. ಅದು ಸರಕಾರಿ ಯೋಜನೆ, ಲೆಕ್ಕವೇ ಬೇರೆ ಅಂತ ಸಭೆಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಎರಡೂ ಮನೆಯೊಳಗೆ ನಡೆದು ಬಂದ ಮೇಲೆ ಆ ಕೂಗು ಕಡಿಮೆಯಾಯಿತು.

ಅತಿ ದೊಡ್ಡ ತಕರಾರು ಬಟ್ಟೆಯದು. ಮಳೆಗಾಲದ ನಾಲ್ಕು ತಿಂಗಳು ಬಟ್ಟೆ ಎಲ್ಲಿ ಒಣಗಿಸುವುದು? ನಮ್ಮ ಮಳೆ ನೈರುತ್ಯದಿಂದ ಹೊಡೆಯುತ್ತದೆ, ಬಿಲ್ಡರ್ ಬಾಲ್ಕನಿಗಳನ್ನೆಲ್ಲ ಸಮುದ್ರದ ಗಾಳಿ ಅಂತ ಪಶ್ಚಿಮಕ್ಕೇ ಇಡಿಸಿದ್ದ. ಹೆಂಗಸರು ಹಗ್ಗ ತಂದು ಗೆರೆಯ ಮೇಲೆ ಹಿಡಿದು ನಿಂತರು, ಎರಡು ಸೀರೆಗೆ ಜಾಗ ಇಲ್ಲ. ಅಡುಗೆಮನೆಯ ಹಿಂದೆ, ಪೂರ್ವಕ್ಕೆ, ಮೂರಡಿಯ ಒಣಹಾಕುವ ಜಾಗ ಕೊಟ್ಟೆ. ಮುಂಭಾಗದ ಗಾಜು ಕಡಿಮೆಯಾಯಿತು. ಬಿಲ್ಡರ್‌ನ ಮಾರ್ಕೆಟಿಂಗ್ ಹುಡುಗನಿಗೆ ಸಿಟ್ಟು ಬಂತು, ಎಲಿವೇಶನ್, ಅಂದರೆ ಮುಂಭಾಗದ ಅಂದ ಕೆಟ್ಟಿತು ಅಂತ. ಕೆಡಲಿ. ಆ ಗಾಜಿನ ಹಿಂದೆ ಜನ ಎರಡೇ ತಿಂಗಳಲ್ಲಿ ಹಗ್ಗ ಕಟ್ಟುತ್ತಿದ್ದರು, ಆಗ ಇನ್ನೂ ಚೆನ್ನಾಗಿ ಕಾಣುತ್ತಿತ್ತಾ?

ನಡುವೆ ಒಂದು ಲಿಫ್ಟ್ ಪ್ರಯೋಗ. ಗಡಿಯಾರ ತೋರಿಸದೆ ಎಲ್ಲರನ್ನೂ ಸುಣ್ಣದ ಲಿಫ್ಟ್ ಬಾಗಿಲ ಮುಂದೆ ತೊಂಬತ್ತು ಸೆಕೆಂಡ್ ನಿಲ್ಲಿಸಿದೆ. ಎಷ್ಟು ಹೊತ್ತಾಯಿತು ಅಂತ ಕೇಳಿದರೆ ಮೂರು ನಿಮಿಷ, ನಾಲ್ಕು ನಿಮಿಷ ಅಂದರು. ಒಬ್ಬ ಹುಡುಗ ಶಾಲೆ ಬಸ್ಸು ಹೋಯಿತು ಅಂದ. ಎರಡು ಲಿಫ್ಟ್ ಸಾಕು ಅನ್ನುತ್ತಿದ್ದ ಬಿಲ್ಡರ್‌ನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದ್ದೆ. ಮೂರನೆಯದು ಬಂತು, ಅವನಿಗೆ ಮೂವತ್ತು ಲಕ್ಷದ ಮೇಲೆ ಬಿತ್ತು. ಮೆಟ್ಟಿಲು ಹತ್ತಿಸುವ ಪ್ರಯೋಗವನ್ನೂ ಮಾಡಬೇಕು ಅಂತ ಇತ್ತು, ಅಜ್ಜಿಯರ ಮುಖ ನೋಡಿ ಬಿಟ್ಟೆ.

ಇನ್ನು ಅಕ್ಕಪಕ್ಕದವರು. ಇವರ ಸಹಿ ಕಾನೂನಿಗೆ ಬೇಡ, ಆದರೆ ಇವರ ದೂರು ಅರ್ಜಿಗಳು ಕೆಲಸವನ್ನು ಎಷ್ಟು ಎಳೆಯುತ್ತವೆ ಅಂತ ನಿಮಗೆ ಗೊತ್ತು. ಮಾಟುಂಗದಲ್ಲಿ ಗಾಳಿ ಬೆಳಕಿನ ಮಾತು ಸುಮ್ನೆ ಬರುವುದಿಲ್ಲ. 1896ರ ಪ್ಲೇಗ್ ಆದ ಮೇಲೆ 1898ರಲ್ಲಿ ಊರಿಗೆ ಗಾಳಿ ಬೆಳಕು ಬರಿಸಲು ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು, ದಾದರ್-ಮಾಟುಂಗದ ಅಗಲ ರಸ್ತೆ, ತೋಟ, ಪ್ಲಾಟುಗಳು ಅದರದೇ ಯೋಜನೆ. ಎದುರು ಬಿಲ್ಡಿಂಗ್‌ನ ನಿವೃತ್ತ ಎಂಜಿನಿಯರ್ ಒಬ್ಬರು ಟ್ರಸ್ಟಿನ 63½ ಡಿಗ್ರಿ ನಿಯಮವನ್ನೇ ತೆಗೆದು ನನ್ನ ಮುಂದಿಟ್ಟರು. ಟ್ರಸ್ಟಿನ ಜೆ.ಪಿ. ಓರ್ ಪಟ್ಟು ಹಿಡಿದು ಪ್ರಚಾರ ಮಾಡಿದ ನಿಯಮ ಅದು. ಸರಳವಾಗಿ ಹೇಳಿದರೆ, ಕಟ್ಟಡದ ಎತ್ತರ ಅದರ ಮುಂದಿನ ಖಾಲಿ ಜಾಗದ ಎರಡು ಪಟ್ಟು ದಾಟಬಾರದು. ಆ ಲೆಕ್ಕಕ್ಕೆ 70 ಮೀಟರ್ ಟವರ್ ಮುಂದೆ 35 ಮೀಟರ್ ಬಯಲು ಬೇಕು. ನಮ್ಮಲ್ಲಿ ರಸ್ತೆ, ಎರಡೂ ಕಡೆ ಕಟ್ಟಡದ ಮುಂದೆ ಬಿಟ್ಟ ಖಾಲಿ ಜಾಗ ಎಲ್ಲ ಸೇರಿ 20. ಈಗಿನ ಕಾನೂನು ಅದನ್ನು ಕೇಳುವುದಿಲ್ಲ ಅಂದರೆ ಅವರ ಬಾಯಿ ಮುಚ್ಚಿಸಬಹುದಿತ್ತು, ಆದರೆ ಅರ್ಜಿ ನಿಲ್ಲುತ್ತಿರಲಿಲ್ಲ.

ಬಿಲ್ಡರ್‌ನ ಕಡೆಯವರು ನೆರಳಿನ ಚಿತ್ರ ಒಂದು ಮಾಡಿಸಿದ್ದರು, ನೆರಳೇ ಇಲ್ಲದ್ದು. ನೋಡಿದರೆ ಮೇ ತಿಂಗಳ ನಡು ಮಧ್ಯಾಹ್ನದ್ದು! ಮೇ 15ರ ಹೊತ್ತಿಗೆ, ಮತ್ತೆ ಜುಲೈ ಕೊನೆಗೆ ಮುಂಬೈಯಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ, ಅವತ್ತು ಕಂಬಕ್ಕೂ ನೆರಳಿಲ್ಲ. ನಾನು ಡಿಸೆಂಬರ್ 22 ಹಿಡಿದೆ, ವರ್ಷದ ಅತಿ ಉದ್ದದ ನೆರಳು. ಮಧ್ಯಾಹ್ನ ಹನ್ನೆರಡೂವರೆಗೆ ಸೂರ್ಯ ದಿಗಂತದಿಂದ 47 ಡಿಗ್ರಿ ಚಿಲ್ಲರೆ ಮೇಲೆ, ನೆರಳು ಉತ್ತರಕ್ಕೆ 64 ಮೀಟರ್. ಬೆಳಿಗ್ಗೆ ಒಂಬತ್ತಕ್ಕೆ ಎತ್ತರದ ಎರಡೂವರೆ ಪಟ್ಟು, 170ರ ಹತ್ತಿರ. ಮೂರು ಗಂಟೆಗೆ ನೂರು. ರಸ್ತೆಯಲ್ಲಿ, ಫುಟ್‌ಪಾತ್‌ನಲ್ಲಿ, ಅವರ ಟೆರೇಸಿನ ಮೇಲೂ ಗೆರೆ ಎಳೆದು ಗಂಟೆ ಬರೆದೆ. ಭಾನುವಾರ ಬೆಳಕು ಹರಿಯುವ ಮೊದಲೇ ರಸ್ತೆಯದು ಮುಗಿಸಿದ್ದೆವು.

ಕಮಿಟಿಯವರು ತಲೆ ಚಚ್ಚಿಕೊಂಡರು. ಶತ್ರುವಿಗೆ ನೀನೇ ಕತ್ತಿ ಕೊಡುತ್ತೀಯಾ ಅಂತ. ಆದರೆ ಗೆರೆಯ ಮೇಲೆ ನಿಂತ ಮೇಲೆ ವಿರೋಧದ ರೀತಿಯೇ ಬದಲಾಯಿತು. 170 ಮೀಟರ್ ದೂರದವರಿಗೆ ನೆರಳು ಬಂದು ಬೇಗ ಸರಿದುಹೋಗುತ್ತದೆ ಅಂತ ಗೊತ್ತಾಗಿ ಅವರು ಸಹಿ ಸಂಗ್ರಹದಿಂದ ಹಿಂದೆ ಸರಿದರು. ಎದುರು ಬಿಲ್ಡಿಂಗ್‌ನವರ ಕಷ್ಟ ನಿಜವಾದದ್ದು. ನಮ್ಮ 30 ಮೀಟರ್ ಅಗಲದ ಬದಿ ಅವರ ಕಡೆಗಿತ್ತು, ನೆಲಮಹಡಿಯವರಿಗೆ ಚಳಿಗಾಲದಲ್ಲಿ ಸುಮಾರು ನಾಲ್ಕು ಗಂಟೆ ಬಿಸಿಲು ಹೋಗುತ್ತಿತ್ತು. ಟವರನ್ನು ತಿರುಗಿಸಿ 20 ಮೀಟರ್ ಬದಿ ಅವರ ಕಡೆ ಮಾಡಿದೆ, ಎರಡೂಮುಕ್ಕಾಲಕ್ಕೆ ಇಳಿಯಿತು. ಹನ್ನೆರಡೇ ಮಹಡಿ ಕಟ್ಟಿ ಅಂತ ಅವರ ಬೇಡಿಕೆ. ಅದನ್ನೂ ಎಳೆದು ತೋರಿಸಿದೆ. ಅಷ್ಟೇ ಚದರಡಿಯನ್ನು ಹನ್ನೆರಡು ಮಹಡಿಯಲ್ಲಿ ತುಂಬಿದರೆ ಪ್ಲಾಟಿನ ಈ ತುದಿಯಿಂದ ಆ ತುದಿಗೆ ಗೋಡೆ, ಅವರಿಗೆ ನೆರಳು ಇನ್ನೂ ಜಾಸ್ತಿ ಹೊತ್ತು. ಎಂಜಿನಿಯರ್ ತಾವೇ ಟೇಪ್ ಹಿಡಿದು ಅಳೆದರು. "ಒಪ್ಪಿದೆ ಅಂತ ಅಲ್ಲ, ಲೆಕ್ಕ ಸರಿ ಇದೆ" ಅಂದರು. ಅರ್ಜಿ ಹಾಕಲಿಲ್ಲ. ನನಗೆ ಅಷ್ಟು ಸಾಕು.

ಎಲ್ಲ ಆದ ಮೇಲೂ ಏಳೆಂಟು ಮನೆ ಒಪ್ಪಿರಲಿಲ್ಲ. ಇವರದು ಡಿಸೈನ್ ತಕರಾರು ಅಂತಲೇ ಎಲ್ಲರೂ ತಿಳಿದಿದ್ದರು, ಅವರೂ ಎತ್ತರ, ಭೂಕಂಪ, ಬೆಂಕಿ ಅಂತ ಏನೇನೋ ಹೇಳುತ್ತಿದ್ದರು. ಒಬ್ಬರ ಮನೆಯಲ್ಲಿ ಕಾಫಿ ಕುಡಿಯುತ್ತಾ ನಿಜ ಗೊತ್ತಾಯಿತು. ಈಗ ತಿಂಗಳ ಮೇಂಟೆನೆನ್ಸ್ ಎರಡು ಸಾವಿರ ಚಿಲ್ಲರೆ, ಟವರ್ ಆದರೆ ಎಷ್ಟು? ಪಿಂಚಣಿಯಲ್ಲಿ ಬದುಕುವವರು ನಾಲ್ಕು ಜನರ ಎದುರು ಅದನ್ನು ಕೇಳಲು ನಾಚುತ್ತಾರೆ. ಚದರಡಿಗೆ ಒಂಬತ್ತು-ಹತ್ತು ರೂಪಾಯಿ ಹಿಡಿದರೆ ಏಳು ಸಾವಿರದ ಹತ್ತಿರ. ಲಿಫ್ಟ್, ಪಂಪು, ಬೆಂಕಿ ಆರಿಸುವ ವ್ಯವಸ್ಥೆ, ಸೆಕ್ಯುರಿಟಿ, ಕಾರುಗಳನ್ನು ಒಂದರ ಮೇಲೊಂದು ನಿಲ್ಲಿಸುವ ಸ್ಟ್ಯಾಕ್ ಪಾರ್ಕಿಂಗ್‌ನ ರಿಪೇರಿ, ಇದರಲ್ಲಿ ಯಾವುದನ್ನು ಬಿಡುತ್ತೀರಿ? ಬಿಲ್ಡರ್ ಕಾರ್ಪಸ್ ಅಂತ ಒಂದು ಇಡುಗಂಟು ಕೊಡುತ್ತೇನೆ ಅಂದಿದ್ದ, ಅದು ಕೈಗೆ ಬಂದರೆ ಮಗಳ ಮದುವೆಗೋ ಕಾರಿಗೋ ಹೋಗುತ್ತದೆ. ಸೊಸೈಟಿಯ ಹೆಸರಲ್ಲೇ ಠೇವಣಿ ಇಟ್ಟು, ಬಡ್ಡಿಯನ್ನು ಹಳೆಯ 28 ಮನೆಯ ಮೇಂಟೆನೆನ್ಸಿನಲ್ಲಿ ಕಳೆಯುವ ಹಾಗೆ ಒಪ್ಪಂದದಲ್ಲಿ ಬರೆಸಿದೆ. ಒಂದೇ ಹಾಳೆಯಲ್ಲಿ ಲೆಕ್ಕ ಬರೆದು ಮನೆ ಮನೆಗೆ ಒಬ್ಬನೇ ಹೋಗಿ ಕೊಟ್ಟೆ. ಸಭೆಯಲ್ಲಿ ಓದಲಿಲ್ಲ. ಒಂದು ತಿಂಗಳೊಳಗೆ ಹೆಚ್ಚಿನವರು ಸಹಿ ಹಾಕಿದರು, ಭೂಕಂಪದ ಮಾತು ಮತ್ತೆ ಬರಲಿಲ್ಲ.

ಉಳಿದ ಮೂರು-ನಾಲ್ಕು ಮನೆಯವರನ್ನು ಯಾವ ಸುಣ್ಣವೂ ಒಪ್ಪಿಸುವುದಿಲ್ಲ. ಒಬ್ಬರಿಗೆ ಅಣ್ಣನ ಜೊತೆ ಪಾಲಿನ ಜಗಳ, ಒಬ್ಬರಿಗೆ ಕಮಿಟಿ ಸೆಕ್ರೆಟರಿ ಮುಖ ಕಂಡರೆ ಆಗುವುದಿಲ್ಲ. ಅದಕ್ಕೆ ಡ್ರಾಯಿಂಗ್ ಇಲ್ಲ.

ಸುಣ್ಣದ ಕೆಲಸಕ್ಕೆ ಒಟ್ಟು ಎಷ್ಟಾಯಿತು ಅಂತ ಕೇಳುತ್ತಾರೆ. ಮೈದಾನ, ನೆರಳು, ಚಹಾ-ವಡಾಪಾವ್ ಎಲ್ಲ ಸೇರಿ 25 ಸಾವಿರದ ಒಳಗೆ. ವಿಡಿಯೊದ ಬೆಲೆಯಲ್ಲಿ ಆರು ಸಲ ಮಾಡಬಹುದು. ಮಳೆಗಾಲದಲ್ಲಿ ಮೈದಾನ ಆಗುವುದಿಲ್ಲ. ಹೋದ ಜುಲೈನಲ್ಲಿ ಸಯನ್‌ನ ಒಂದು ಕೆಲಸಕ್ಕೆ ಮದುವೆ ಹಾಲ್ ತೆಗೆದುಕೊಂಡು ನೆಲಕ್ಕೆ ಟೇಪ್ ಅಂಟಿಸಿದೆ. ಪೇಂಟರ್‌ಗಳು ಬಳಸುವ ಕಾಗದದ ಟೇಪನ್ನೇ ತನ್ನಿ. ನಮ್ಮ ಹುಡುಗರು ಪ್ಯಾಕಿಂಗ್ ಟೇಪ್ ತಂದಿದ್ದರು, ಅಂಟು ನೆಲಕ್ಕೆ ಹಿಡಿದು ಹಾಲ್‌ನವರು ಡಿಪಾಸಿಟ್‌ನಲ್ಲಿ ಅರ್ಧ ಮುರಿದುಕೊಂಡರು.