ಹಾಡು ಬರೀಬೇಕಾ? ಮೊದ್ಲು ಮಾತ್ರೆ ಎಣಿಸೋದು ಕಲೀರಿ

ಮೈಸೂರಲ್ಲಿ ಯಾವ ಕಾಲೇಜ್ ಫಂಕ್ಷನ್‌ಗೆ ಹೋದ್ರೂ ಸ್ವಂತ ಹಾಡು ಅಂತ ಗಿಟಾರ್ ಹಿಡ್ಕೊಂಡು ನಿಲ್ಲೋ ಒಬ್ರಾದ್ರೂ ಸಿಗ್ತಾರೆ. ಖುಷಿನೇ. ಆದ್ರೆ ಸಾಹಿತ್ಯ ಚೆನ್ನಾಗಿರುತ್ತೆ, ಟ್ಯೂನೂ ಚೆನ್ನಾಗಿರುತ್ತೆ, ಎರಡೂ ಒಂದಕ್ಕೊಂದು ಕೂರೋದೇ ಇಲ್ಲ.

ವಿಷಯ ಚಿಕ್ಕದಿರಲಿ. ಬದುಕು, ಕನಸು ಅಂತೆಲ್ಲ ಬೇಡ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎದುರು ಸಿಕ್ಕಿ ಮುಖ ತಿರುಗಿಸ್ಕೊಂಡು ಹೋದ ಹಳೇ ಗೆಳೆಯ, ಸಾಕು.

ಟ್ಯೂನ್‌ನ ಲಾಲಾಲಾ ಅಂತ ಗುನುಗಿ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಕೀಬೋರ್ಡ್ ಕೊಳ್ಳೋಕೆ ಓಡ್ಬೇಡಿ.

ಈಗ ಅಸಲಿ ಕೆಲಸ. ಟ್ಯೂನ್ ಮೂರು ಮೂರಾಗಿ ಹೋಗ್ತಿದ್ಯಾ, ನಾಲ್ಕು ನಾಲ್ಕಾಗಾ, ಕೈ ತಟ್ಟಿ ನೋಡಿ. ನಾಲ್ಕು ಅಂತ ಇಟ್ಕೊಳ್ಳಿ. ಎಲ್ರೂ ಇಲ್ಲಿ ಅಕ್ಷರ ಎಣಿಸ್ತಾರೆ, ಎಣಿಸ್ಬೇಕಾಗಿರೋದು ಮಾತ್ರೆ, ಅಂದ್ರೆ ಅಕ್ಷರ ಹೇಳೋಕೆ ಹಿಡಿಯೋ ಕಾಲದ ಅಳತೆ. ಸ್ಕೂಲಲ್ಲಿ ಲಘು ಗುರು ಹಾಕಿದ್ದು ನೆನಪಿದ್ಯಲ್ಲ, ಅದೇ: ಹ್ರಸ್ವಕ್ಕೆ 1, ದೀರ್ಘಕ್ಕೆ 2, ಒತ್ತಕ್ಷರದ ಹಿಂದಿನದಕ್ಕೂ ಸೊನ್ನೆ ಇರೋದಕ್ಕೂ 2. ಮಳೆ, ಮಣ್ಣು ಎರಡರಲ್ಲೂ ಎರಡೇ ಅಕ್ಷರ, ಆದ್ರೆ ಮಳೆಗೆ 2 ಮಾತ್ರೆ, ಮಣ್ಣಿಗೆ 3.

ಎಣಿಕೆ ಸರಿ ಬಂದ್ರೂ ಮುಗೀಲಿಲ್ಲ ಕಣ್ರೀ. 'ಕೆರೆ ಏರಿ ಮೇಲೆ' ಅಂತ ಬರೆದ್ರಿ, ಲೆಕ್ಕಕ್ಕೆ 8 ಮಾತ್ರೆ, ಸರಿಯಾಗೇ ಇದೆ. ನಾಲ್ಕು ಮಾತ್ರೆಗೊಂದು ಪೆಟ್ಟಿನಂತೆ ತಾಳ ಹಾಕಿ ಹಾಡಿ ನೋಡಿ, ಎರಡನೇ ಪೆಟ್ಟು 'ರಿ' ಮೇಲೆ ಬಿದ್ದು 'ಕೆರೆಏ, ರಿಮೇಲೆ' ಅಂತ ಪದ ಎರಡು ತುಂಡಾಗುತ್ತೆ. ಅದನ್ನೇ 'ಏರಿಯ ಮೇಲೆ' ಅಂತ ಮಾಡಿ: ಏರಿಯ 4, ಮೇಲೆ 3, ಕೊನೇ 'ಲೆ' ಸ್ವಲ್ಪ ಎಳೆದ್ರೆ ಅಲ್ಲಿಗೂ 4. ಮುಂದಿನ ಸಾಲು 'ಯಾರದು ನೆರಳು'. ಇದೂ ಹಾಗೇ ಕೂರುತ್ತೆ, ಜೊತೆಗೆ ಎರಡೂ ಸಾಲಲ್ಲಿ ಎರಡನೇ ಅಕ್ಷರ ರಕಾರ, ಆದಿಪ್ರಾಸ ಪುಕ್ಕಟೆ ಸಿಕ್ತು. ನನ್ನ ಕೇಳಿದ್ರೆ ಕೊನೇ ಪ್ರಾಸಕ್ಕಿಂತ ಇದೇ ಚೆಂದ. ಪ್ರಾಸ ಹುಡುಕಿ ಕೊಡೋ ಆಪ್‌ಗಳನ್ನ ಮಾತ್ರ ನಂಬ್ಬೇಡಿ, ನಲಿವು ಒಲವು ಚೆಲುವು ಬಿಟ್ಟು ಮುಂದೆ ಹೋಗಲ್ಲ ಅವು.

ಸಾಲಿನ ಕೊನೆ ಬಿಟ್ರೆ, ಟ್ಯೂನ್ ಎಲ್ಲಿ ಎಳೆಯುತ್ತೋ ಅಲ್ಲಿ ದೀರ್ಘಾಕ್ಷರನೇ ಇಡಿ. ಹ್ರಸ್ವ ಇಟ್ರೆ ಮಂಡ್ಯದ ಕೊಟ್ಟಿಗೇಲಿ ನಿಂತಿರೋ ಕರು ಹಾಡೋ ಹೊತ್ತಿಗೆ ಕಾರಾಗಿರುತ್ತೆ!

ಪಲ್ಲವಿ ಎರಡು ಸಾಲು ಸಾಕು, ಸೋಬಾನೆ ಪದದಲ್ಲಿ ಒಬ್ರು ಹೇಳ್ತಿದ್ದಂಗೆ ಉಳಿದವರು ಸೋ ಅಂತ ಸೇರ್ಕೋತಾರಲ್ಲ, ಅಷ್ಟು ಸಲೀಸಾಗಿ ಬಾಯಿಗೆ ಬರ್ಬೇಕು. ಚರಣ ಎರಡು. ಮೂರನೇದು ಬರೀಲೇಬೇಕು ಅನ್ನಿಸಿದ್ರೆ ಅದಕ್ಕೆ ಬೇರೆ ಹಾಡು ಮಾಡಿ.

ಕಡೇಲಿ ಹಾಳೆ ಕೊಟ್ಟು ಬೇರೆಯವರ ಕೈಲಿ ಹಾಡಿಸಿ, ನೀವೇ ಹಾಡಿದ್ರೆ ತಪ್ಪನ್ನೆಲ್ಲ ನುಂಗ್ಕೊಂಡು ಹೋಗ್ತೀರಿ. ಅವ್ರು ತಡವರಿಸಿದ ಕಡೆ ಪೆನ್ಸಿಲ್ ಗುರುತು ಹಾಕಿ, ಅಷ್ಟನ್ನೇ ತಿದ್ದಿ.